ಗಾಜಿನಾಚೆಯ ಮೇಷ್ಟ್ರು

ಮೇಷ್ಟ್ರು ತಾವು ಮಾಡುವ ಕೆಲಸವನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡೇ ಮಾಡುತ್ತಿದ್ದರು. “ಕೊಡೆ ಮಡಚ್ತಾ ಇದ್ದೀನಿ,” “ಮೆಟ್ಟಿಲು ಹತ್ತಾ ಇದ್ದೀನಿ, ಎಡಮಂಡಿ ನೋವಿದೆ,” “ಟೀ ಬಿಸಿ ಇದೆಯಾ ನೋಡ್ತಾ ಇದ್ದೀನಿ, ಬಿಸಿ ಇದೆ” ಎಂದು, ಎದುರಿಗಿದ್ದ ಯಾರನ್ನೂ ಉದ್ದೇಶಿಸದೆ, ಆದರೆ ಎಲ್ಲಿಯೋ ಕುಳಿತು ಯಾರೋ ಒಬ್ಬರು ಬರೆದುಕೊಳ್ಳುತ್ತಿದ್ದಾರೆಂಬ ಖಾತರಿಯಿರುವವರ ಸಮಚಿತ್ತದಿಂದ ನುಡಿಯುತ್ತಿದ್ದರು. ಹೊಸದಾಗಿ ಪರಿಚಯವಾದವರು ಇದನ್ನು ಮುಪ್ಪಿನ ಮೊದಲ ಲಕ್ಷಣವೆಂದು ಬಗೆದು ಕನಿಕರಪಡುತ್ತಿದ್ದರು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮೆಲ್ಲಗೆ ಎದ್ದು ಬೇರೆ ಸೀಟು ಹುಡುಕಿಕೊಂಡದ್ದೂ ಉಂಟು. ವಾಸ್ತವವಾಗಿ ಅದು ಇಪ್ಪತ್ತೆರಡು ವರ್ಷಗಳ ವೃತ್ತಿ ಅವರ ನಾಲಿಗೆಗೆ ಅಂಟಿಸಿಬಿಟ್ಟಿದ್ದ ಚಾಳಿ.

ಅವರು ನರ್ಸ್‌ಗಳಿಗೆ ತರಬೇತಿ ಕೊಡುವ ಕೇಂದ್ರವೊಂದರಲ್ಲಿ ಪರೀಕ್ಷಕರಾಗಿದ್ದರು. ಮೂರನೆಯ ಮಹಡಿಯ ಕೊನೆಗೆ ಆಸ್ಪತ್ರೆಯ ವಾರ್ಡನ್ನೇ ಎತ್ತಿ ತಂದಿಟ್ಟಂತಹ ಒಂದು ಕೋಣೆಯಿತ್ತು. ಮಂಚ, ಡ್ರಿಪ್ಪಿನ ಕಂಬ, ಆಕ್ಸಿಜನ್ ಕೊಳವೆ ಎಲ್ಲವೂ ನಿಜವಾದವೇ. ರೋಗಿ ಮಾತ್ರ ರಬ್ಬರಿನವನು. ಅವನಿಗೆ ನಾಡಿಯಿತ್ತು, ಎದೆ ಏರಿಳಿಯುತ್ತಿತ್ತು, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತಿತ್ತು, ಗಂಟಲೊಳಗೆ ಅಡಗಿಸಿದ ಸ್ಪೀಕರಿನಿಂದ ನರಳಾಟ ಹೊರಡುತ್ತಿತ್ತು. ವಿದ್ಯಾರ್ಥಿಗಳು ಅವನಿಗೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದರು. “ಇವತ್ತು ಬೆಳಗ್ಗೆಯಿಂದ ದೊಡ್ಡಪ್ಪ ನಾಲ್ಕು ಸಲ ತೀರ್ಕೊಂಡ್ರು” ಎಂದು ಕ್ಯಾಂಟೀನಿನಲ್ಲಿ ಅವರು ನಗುತ್ತಾ ಹೇಳಿದರೆ ಹೊರಗಿನಿಂದ ಬಂದವರು ತಬ್ಬಿಬ್ಬಾಗುತ್ತಿದ್ದರು. ಕೋಣೆಯ ಒಂದು ಗೋಡೆಯಷ್ಟಗಲದ ಗಾಜು ಒಳಗಿನವರಿಗೆ ಬರೀ ಕನ್ನಡಿ, ಆಚೆಯ ಮಬ್ಬಿನಲ್ಲಿ ಕುಳಿತವರಿಗೆ ಕಿಟಕಿ. ಆ ಕಿಟಕಿಯ ಹಿಂದೆ ಮೇಷ್ಟ್ರು. ದೊಡ್ಡಪ್ಪನ ಉಸಿರು, ರಕ್ತದೊತ್ತಡ, ನರಳಾಟ, ಮರಣ ಎಲ್ಲವೂ ಅವರ ಮುಂದಿನ ಗುಂಡಿಗಳಲ್ಲಿ. ಒಳಗಿದ್ದವರು ಮಾಡಿದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕು, ಹೇಳದೆ ಮಾಡಿದ್ದಕ್ಕೆ ಅಂಕವಿಲ್ಲ ಎಂಬುದು ಪರೀಕ್ಷೆಯ ನಿಯಮ. ಇದನ್ನು ಸಾವಿರಾರು ಮಂದಿಗೆ ಕಲಿಸಿ ಕಲಿಸಿ ಮೇಷ್ಟ್ರು ತಾವೇ ಕಲಿತುಬಿಟ್ಟಿದ್ದರು.

ಅದಕ್ಕೂ ಮುಂಚೆ ಅವರು ನಿಜವಾದ ವಾರ್ಡುಗಳಲ್ಲಿ ನರ್ಸ್ ಆಗಿದ್ದವರು. ಮಲಗಿದವರ ನಿದ್ದೆ ಕೆಡದಂತೆ ಹಿಮ್ಮಡಿ ಊರದೆ ಓಡಾಡಿದ ನಡಿಗೆ ಬೀದಿಯಲ್ಲೂ ಅವರನ್ನು ಬಿಟ್ಟಿರಲಿಲ್ಲ. ಹಿಂದಿನಿಂದ ನೋಡಿದರೆ ಯಾರ ಮನೆಯಿಂದಲೋ ಏನನ್ನೋ ಕದ್ದು ಹೊರಟವರಂತೆ ಕಾಣುತ್ತಿದ್ದರು. ಮೈಮೇಲೆ ಸದಾ ಬೂದುಬಣ್ಣದ ತೋಳಿಲ್ಲದ ಕೋಟು, ಅದಕ್ಕೆ ಏಳು ಜೇಬು, ಜೇಬುಗಳಲ್ಲಿ ಬ್ಯಾಟರಿ, ಅಂಟುಪಟ್ಟಿ, ಪುಟ್ಟ ಸ್ಕ್ರೂಡ್ರೈವರ್, ಹಾಗೂ ದೊಡ್ಡಪ್ಪನ ಒಂದು ಹೆಚ್ಚುವರಿ ಹೆಬ್ಬೆರಳು. ಬಸ್ಸಿನಲ್ಲಿ ಟಿಕೆಟ್ ತೆಗೆಯುವಾಗ ಆ ಹೆಬ್ಬೆರಳು ಜಾರಿ ಬಿದ್ದು, ಕಂಡಕ್ಟರು ಅದನ್ನು ಎತ್ತಿಕೊಡಬೇಕೋ ಪೊಲೀಸರನ್ನು ಕರೆಯಬೇಕೋ ತಿಳಿಯದೆ ನಿಂತದ್ದನ್ನು ಮೇಷ್ಟ್ರು ಬಹಳ ಗಂಭೀರವಾಗಿ ವರ್ಣಿಸುತ್ತಿದ್ದರು. ಸಂಜೆ ಯಂತ್ರವನ್ನು ಆರಿಸುವ ಮುನ್ನ ದೊಡ್ಡಪ್ಪನ ನಾಡಿಯನ್ನು ಎಪ್ಪತ್ತೆರಡಕ್ಕೆ ತಂದು, ಉಸಿರನ್ನು ಸರಿಪಡಿಸಿ, ಆಮೇಲೆ ಸ್ವಿಚ್ಚು ಒತ್ತುವುದು ಅವರ ಹಟದ ಪದ್ಧತಿ. ಯಾರು ನೋಡುತ್ತಾರೆ ಮೇಷ್ಟ್ರೇ ಎಂದು ನಾನು ಕೇಳಿದ್ದಕ್ಕೆ, “ಯಾರೂ ನೋಡಲ್ಲ. ಸತ್ತವರನ್ನ ಹಾಗೇ ಬಿಟ್ಟು ಮನೆಗೆ ಹೋಗೋಕೆ ನನಗೆ ಮನಸ್ಸು ಬರಲ್ಲ, ಅಷ್ಟೇ” ಎಂದಿದ್ದರು.

ಆ ಕೇಂದ್ರದಲ್ಲಿ ನನ್ನ ಕೆಲಸ ಕತೆ ಬರೆಯುವುದಾಗಿತ್ತು. ದೊಡ್ಡಪ್ಪನಿಗೆ ಇಂದು ಯಾವ ಕಾಯಿಲೆ, ಮನೆಯಲ್ಲಿ ಯಾರಿದ್ದಾರೆ, ಎಷ್ಟನೆಯ ನಿಮಿಷಕ್ಕೆ ಎದೆ ಹಿಡಿದುಕೊಳ್ಳುತ್ತಾನೆ, ಉಳಿಯುತ್ತಾನೋ ಇಲ್ಲವೋ ಎಂಬುದನ್ನೆಲ್ಲ ಎರಡು ಪುಟಗಳಲ್ಲಿ ಬರೆದುಕೊಟ್ಟರೆ ಮೇಷ್ಟ್ರು ಅದರಂತೆ ಗುಂಡಿ ಒತ್ತುತ್ತಿದ್ದರು. “ನನ್ನ ಮೇಲೆ ನೀವಿದ್ದೀರಿ, ನಿಮ್ಮ ಮೇಲೆ ಕಮಿಟಿ ಇದೆ, ಕಮಿಟಿ ಮೇಲೆ ಯಾರು ಅಂತ ಕಮಿಟಿಗೇ ಗೊತ್ತಿಲ್ಲ” ಎಂದು ಅವರು ಆಗಾಗ ಹೇಳುತ್ತಿದ್ದರು. ನಾನು ಅದನ್ನು ತಮಾಷೆಯೆಂದೇ ತಿಳಿದಿದ್ದೆ. ಅವರು ಮಾತ್ರ ಅದನ್ನು ಒಂದು ದರ್ಶನದ ಮಟ್ಟಕ್ಕೆ ಏರಿಸಿಕೊಂಡಿದ್ದರೆಂಬುದು, ಒಂದು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕುಳಿತಾಗ ಗೊತ್ತಾಯಿತು.

ಅಂದು ಅವರ ಭಾವಮೈದನೂ ಬಂದಿದ್ದ. ಕಾಲೇಜಿನಲ್ಲಿ ಗಣಿತ ಹೇಳುವವನು, ದೇವರೆಂದರೆ ಮೂಗು ಮುರಿಯುವವನು, ಅಕ್ಕನ ಭಕ್ತಿಯನ್ನು ಕೆಣಕದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಊಟ ಮುಗಿಸಿ ಮೇಷ್ಟ್ರು “ಕಿತ್ತಳೆ ಸುಲೀತಾ ಇದ್ದೀನಿ” ಎನ್ನುತ್ತಾ ಕುಳಿತಿದ್ದಾಗ ಅವನು ಹೊಸದೊಂದು ಲೆಕ್ಕ ತೆಗೆದ.

“ಭಾವ, ಇದು ಬಹಳ ಸುಲಭದ ಲೆಕ್ಕ. ನಿಜವಾದ ಜಗತ್ತು ಒಂದೇ. ಅದರೊಳಗೆ ನಕಲಿ ಜಗತ್ತು ಕಟ್ಟೋಕೆ ಬರುತ್ತೆ ಅಂತಾದ್ರೆ ಒಂದಕ್ಕೆ ಯಾಕೆ ನಿಲ್ಲಿಸ್ತಾರೆ, ಸಾವಿರ ಕಟ್ತಾರೆ. ಆ ಸಾವಿರದೊಳಗಿದ್ದವರಿಗೂ ತಾವೇ ನಿಜ ಅಂತ ಅನ್ಸುತ್ತೆ. ಹಾಗಾದ್ರೆ ನಾವು ಆ ಒಂದರಲ್ಲಿ ಇರೋ ಸಂಭವ ಜಾಸ್ತೀನೋ, ಸಾವಿರದಲ್ಲಿ ಇರೋ ಸಂಭವ ಜಾಸ್ತೀನೋ, ನೀವೇ ಹೇಳಿ.”

ಅಕ್ಕನ ದೇವರನ್ನು ಮನೆಯಿಂದ ಹೊರಡಿಸಲು ಅವನು ತಂದಿದ್ದ ಲೆಕ್ಕ ಅದು. ಸೃಷ್ಟಿ, ಕರ್ತೃ, ಕರುಣೆ ಎಲ್ಲವೂ ಯಾರದೋ ಯಂತ್ರದ ಆಟವೆಂದಾದರೆ ಪ್ರಾರ್ಥನೆಗೆ ಅರ್ಥವೇನು ಎಂಬುದು ಅವನ ಮುಂದಿನ ಮಾತಾಗಬೇಕಿತ್ತು. ಆದರೆ ಮೇಷ್ಟ್ರು ಕಿತ್ತಳೆಯ ತೊಳೆಯನ್ನು ಕೈಯಲ್ಲೇ ಹಿಡಿದುಕೊಂಡು, “ಹಾಗಾದ್ರೆ ಗಾಜಿನ ಆಚೆ ಒಬ್ಬ ಇದ್ದಾನೆ ಅಂದ ಹಾಗಾಯ್ತಲ್ಲಪ್ಪ” ಎಂದರು. ಮುಂಬಾಗಿಲಿನಿಂದ ಕಳಿಸಿದ ದೇವರು ಹಿತ್ತಿಲ ಬಾಗಿಲಲ್ಲಿ ಬಂದು ನಿಂತದ್ದನ್ನು ಕಂಡು ಭಾವಮೈದ ಕಂಗಾಲಾದ. ಆಚೆ ಇರುವವನು ದೇವರಾಗಬೇಕಿಲ್ಲ, ಯಾರೋ ಅರೆಬರೆ ಕಲಿತವನಿರಬಹುದು, ಯಂತ್ರ ಹಚ್ಚಿಟ್ಟು ಊಟಕ್ಕೆ ಹೋಗಿರಬಹುದು ಎಂದು ಅವನು ವಾದಿಸಿದ. “ನಾನೂ ಊಟಕ್ಕೆ ಹೋಗ್ತೀನಿ” ಎಂದು ಮೇಷ್ಟ್ರು ಶಾಂತವಾಗಿ ಒಪ್ಪಿಕೊಂಡರು.

ಆ ಮೇಲಿನವನ ವಿಷಯದಲ್ಲಿ ಮೇಷ್ಟ್ರಿಗೆ ಇದ್ದದ್ದು ಭಕ್ತಿಯಲ್ಲ, ಸಹೋದ್ಯೋಗಿಯ ಮೇಲಿನ ಸಹಾನುಭೂತಿ. ಅವನು ಸರ್ವಶಕ್ತನಲ್ಲ, ಅವನ ಮುಂದೆಯೂ ಇಷ್ಟೇ ಗುಂಡಿಗಳಿರುತ್ತವೆ. ಸರ್ವಜ್ಞನಲ್ಲ, ಒಳಗಿದ್ದವರು ಬಾಯಿಬಿಟ್ಟು ಹೇಳದಿದ್ದರೆ ಅವನಿಗೂ ತಿಳಿಯುವುದಿಲ್ಲ. ಕ್ರೂರಿಯಂತೂ ಅಲ್ಲ, ಕಾಯಿಲೆ ಕೊಡುವುದು ಅವನಿಗೆ ಬಂದಿರುವ ಕಾಗದದಲ್ಲಿದೆ, ಅಷ್ಟೇ. ಒಮ್ಮೆ ಪರೀಕ್ಷೆಯ ನಡುವೆ ಕರೆಂಟು ಹೋಗಿ ಮೂರು ನಿಮಿಷ ದೊಡ್ಡಪ್ಪ ಸ್ತಬ್ಧನಾದಾಗ, ಒಳಗಿದ್ದ ನಾಲ್ವರು ಅದೂ ಪರೀಕ್ಷೆಯ ಭಾಗವೆಂದೇ ನಂಬಿ, ಎದೆ ಒತ್ತಿ, ಉಸಿರು ಊದಿ, ಆ ಕತ್ತಲೆಯ ಉದ್ದೇಶವೇನಿರಬಹುದೆಂದು ತಮ್ಮತಮ್ಮಲ್ಲೇ ಚರ್ಚಿಸಿದ್ದರಂತೆ. “ಅವರು ಪ್ರತಿಯೊಂದಕ್ಕೂ ಅರ್ಥ ಹಚ್ತಾ ಇದ್ರು. ನಾನು ಈಚೆ ಕೂತು ಬೆಂಕಿಪೊಟ್ಟಣ ಹುಡುಕ್ತಾ ಇದ್ದೆ” ಎಂದು ಮೇಷ್ಟ್ರು ಹೇಳುತ್ತಿದ್ದರು.

ಇದನ್ನೆಲ್ಲ ಕೇಳಿ ಅವರ ಹೆಂಡತಿ ಒಂದು ಸಲ ಮಾತ್ರ ಸಿಟ್ಟಾದದ್ದನ್ನು ನಾನು ಬಲ್ಲೆ. ಪ್ರತಿದಿನ ಬೆಳಗ್ಗೆ ಅಡುಗೆಮನೆಯ ಕಿಟಕಿಯ ಬಳಿ ಹತ್ತು ನಿಮಿಷ ಕಣ್ಣು ಮುಚ್ಚಿ ನಿಲ್ಲುವ, ಆ ಹತ್ತು ನಿಮಿಷದಲ್ಲಿ ಹಾಲು ಉಕ್ಕಿದರೂ ಕದಲದ ಹೆಂಗಸು ಆಕೆ. “ತಮ್ಮನಾದ್ರೂ ದೇವರು ಇಲ್ಲ ಅಂತಾನೆ. ನೀವು ದೇವರನ್ನೇ ಸಂಬಳಕ್ಕೆ ಇಟ್ಟುಬಿಟ್ರಿ” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆ ಮಾತಾದ ಮರುವರ್ಷ ಆಕೆಯ ಹೃದಯದ ಕವಾಟ ಕೆಟ್ಟಿರುವುದು ಪತ್ತೆಯಾಯಿತು. ಎದೆ ತೆರೆದು ಬದಲಿಸಬೇಕು, ಬದಲಿಸದಿದ್ದರೆ ವರ್ಷ ತುಂಬುವುದು ಕಷ್ಟ, ಬದಲಿಸುವಾಗಲೂ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಗೆ ಸೇರಿಸಿದ ಸಂಜೆ ನಾನು ನೋಡಲು ಹೋದಾಗ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ತಮಗಾಗಿ ಏನನ್ನೂ ಕೇಳದಿದ್ದ ಆಕೆ ಅಂದು ಒಂದನ್ನು ಕೇಳಿದ್ದರು: ನನಗೋಸ್ಕರ ಒಂದು ಸಲ ನೀವು ದೇವರನ್ನ ಕೇಳಿ. ಮೇಷ್ಟ್ರು ಆಗುವುದಿಲ್ಲವೆಂದಿದ್ದರು.

ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಹೊರಗೆ ಕರೆದುಕೊಂಡು ಹೋಗಿ, ನಂಬಿಕೆ ಇಲ್ಲದಿದ್ದರೆ ಹೋಗಲಿ, ಬಾಯಿಮಾತಿಗಾದರೂ ಹೂಂ ಅನ್ನಬಾರದಿತ್ತೇ ಎಂದೆ.

“ನಂಬಿಕೆ ಇಲ್ಲ ಅಂತ ಯಾರಂದ್ರು? ಅವನು ಇದ್ದಾನೆ, ಕೇಳಿಸ್ಕೊಳ್ತಾನೆ. ಅದಕ್ಕೇ ಭಯ. ಕೇಳಿಸ್ಕೊಂಡೂ ಸುಮ್ಮನೆ ಕೂರೋಕೆ ಆಗುತ್ತೆ ಅನ್ನೋದು ನನಗೆ ಗೊತ್ತು. ನಾನು ಕೂತಿದ್ದೀನಲ್ಲ.”

ಆಗ ಅವರು ನೆನಪಿಸಿದ ಘಟನೆಯಲ್ಲಿ ನನ್ನ ಪಾಲೂ ಇತ್ತು. ನಾಲ್ಕು ವರ್ಷದ ಹಿಂದೆ ಕಮಿಟಿಯವರು ಹೊಸದೊಂದು ಕತೆ ಬೇಕೆಂದರು: ಅಭ್ಯರ್ಥಿ ಎಲ್ಲವನ್ನೂ ಸರಿಯಾಗಿ ಮಾಡಿದರೂ ರೋಗಿ ಉಳಿಯಬಾರದು, ಸೋಲನ್ನು ಒಪ್ಪಿಕೊಂಡು, “ನಿಲ್ಲಿಸ್ತಾ ಇದ್ದೀನಿ” ಎಂದು ಗಟ್ಟಿಯಾಗಿ ಹೇಳಿ, ಹೊರಗಿರುವ ಬಂಧುವಿಗೆ ಸುದ್ದಿ ತಿಳಿಸುವ ಧೈರ್ಯವಿದೆಯೇ ಎಂದು ನೋಡಬೇಕು. ನಾನು ಬರೆದುಕೊಟ್ಟೆ. ಆ ಸಲ ಒಳಗೆ ಹೋದವಳು ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು. ಅದುವರೆಗೆ ಹೊಲಿಗೆಯಿಂದ ಬದುಕಿದ್ದವಳು, ತಾಯಿಯ ಕೊನೆಗಾಲದಲ್ಲಿ ಆರೈಕೆ ಮಾಡುತ್ತಾ ಈ ವೃತ್ತಿಯ ಮೇಲೆ ಮನಸ್ಸಿಟ್ಟು ತಡವಾಗಿ ಓದಲು ಬಂದವಳು. ಅವಳು ಯಾವುದರಲ್ಲೂ ತಪ್ಪಲಿಲ್ಲ. ಹದಿನಾಲ್ಕು ನಿಮಿಷ ದೊಡ್ಡಪ್ಪನ ಎದೆ ಒತ್ತಿದಳು. ನಿಲ್ಲಿಸುತ್ತೇನೆಂಬ ಒಂದು ಮಾತು ಮಾತ್ರ ಅವಳ ಬಾಯಿಂದ ಹೊರಡಲಿಲ್ಲ. ಕಡೆಗೆ ಕನ್ನಡಿಯ ಕಡೆ ತಿರುಗಿ, “ಸರ್, ನನಗೆ ಗೊತ್ತಿರೋದೆಲ್ಲ ಮಾಡ್ದೆ. ಇನ್ನೇನು ಮಾಡ್ಲಿ, ಹೇಳಿ ಸರ್” ಎಂದಳು.

ನಾಡಿ ಎಷ್ಟು, ಒತ್ತಡ ಎಷ್ಟು ಎಂದು ಕೇಳಿದರೆ ಉತ್ತರಿಸಬಹುದಿತ್ತು. ಈ ಪ್ರಶ್ನೆಗೆ ಉತ್ತರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಮೇಷ್ಟ್ರ ಬೆರಳು ನಾಡಿಯ ಗುಂಡಿಯ ಮೇಲೆಯೇ ಇತ್ತಂತೆ. ಅವರು ಒತ್ತಲಿಲ್ಲ. ಸಮಯ ಮುಗಿದು ಗಂಟೆ ಹೊಡೆಯಿತು, ಅವಳು ಅನುತ್ತೀರ್ಣಳಾದಳು, ಮಾರನೆಯ ವಾರ ತರಬೇತಿ ಬಿಟ್ಟು ಹೋದಳು. ನಾನು ಆ ಕತೆಗೆ ಒಂದು ಸಂಖ್ಯೆ ಕೊಟ್ಟು ಕಪಾಟಿನಲ್ಲಿಟ್ಟು ಮರೆತಿದ್ದೆ. ಮೇಷ್ಟ್ರು ಮರೆತಿರಲಿಲ್ಲ.

ಇದನ್ನು ಅವರು ಅದೇ ಸಂಜೆ ಹೆಂಡತಿಗೂ ಹೇಳಿದರು. ಆಕೆ ದಿಂಬಿಗೆ ಒರಗಿ ಕೇಳಿಸಿಕೊಂಡು, ಅಳಲೂ ಇಲ್ಲ, ಬಯ್ಯಲೂ ಇಲ್ಲ. “ಹೋಗಿ ಅವಳನ್ನ ನೋಡಿ ಬನ್ನಿ. ನನ್ನದು ಆಮೇಲೆ ನೋಡೋಣ” ಎಂದರು. ಶಸ್ತ್ರಚಿಕಿತ್ಸೆಗೆ ಎರಡು ದಿನವಿತ್ತು.

ಮರುದಿನ ಬೆಳಗ್ಗೆ ನಾನೂ ಅವರ ಜೊತೆ ಹೋದೆ. ಔಷಧದಂಗಡಿಯ ಮಗ್ಗುಲಲ್ಲಿ ಒಂದೇ ಬಾಗಿಲಿನ ಹೊಲಿಗೆಯಂಗಡಿ; ಗೋಡೆಗೆ ಶಾಲೆಯ ಸಮವಸ್ತ್ರಗಳು ಸಾಲಾಗಿ ತೂಗುಬಿದ್ದಿದ್ದವು. ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಅಂಗಿಯ ಗುಂಡಿತೂತಿಗೆ ಕಾಜಾ ಹೊಲಿಯುತ್ತಿದ್ದವಳು ಮೇಷ್ಟ್ರನ್ನು ಕಂಡು ಎದ್ದು ನಿಂತಳು, ಹಳೆಯ ಅಭ್ಯಾಸ. ಅವರು ಕುಳಿತುಕೊಳ್ಳದೆ, ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದರು.

“ಆವತ್ತು ನೀವು ಹೇಳಿದ್ದೆಲ್ಲ ನನಗೆ ಕೇಳಿಸ್ತಮ್ಮ. ನಿಮ್ಮದೇನೂ ತಪ್ಪಿರ್ಲಿಲ್ಲ. ಅವನು ಉಳಿಯೋ ಹಾಗೆ ಬರೆದೇ ಇರ್ಲಿಲ್ಲ.”

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಕೇಳಿಸ್ತಾ ಇತ್ತಾ ಸರ್?”

“ಹೂಂ.”

“ನೀವು ಟೀಗೆ ಎದ್ದು ಹೋಗಿದ್ರಿ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ. ಆಚೆ ಯಾರೂ ಇರ್ಲಿಲ್ಲ, ಅದಕ್ಕೇ ಹಾಗಾಯ್ತು ಅಂತ. ಅದೇ ವಾಸಿಯಾಗಿತ್ತು.”

ಮೇಷ್ಟ್ರು ನಿಯಮದ ವಿಷಯ ಏನೋ ಹೇಳಹೊರಟರು. ಅವಳು ತಲೆಯಾಡಿಸಿ, “ನಿಯಮ ಇರ್ಲಿ ಸರ್. ಪರೀಕ್ಷೆ ಮುಗಿದ ಮೇಲೆ? ನಾನು ಆ ಬಾಗಿಲಾಚೆ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ. ಅದೇ ಬಾಗಿಲಲ್ಲಿ ತಾನೇ ನೀವು ಮನೆಗೆ ಹೋಗಿದ್ದು?” ಎಂದಳು. ಮತ್ತೆ ಪರೀಕ್ಷೆಗೆ ಕೂರಬಹುದು, ಇನ್ನೂ ಅವಕಾಶವಿದೆ ಎಂದು ಮೇಷ್ಟ್ರು ಅರ್ಜಿಯ ಹಾಳೆಯನ್ನು ಮೇಜಿನ ಮೇಲಿಟ್ಟರು. ನೋಡೋಣ ಎಂದು ಹೇಳಿ ಅವಳು ಕಾಜಾದ ಕೆಲಸಕ್ಕೆ ಮರಳಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ಮೇಷ್ಟ್ರು “ಕೂತಿದ್ದೀನಿ” ಎಂಬುದನ್ನೂ ಹೇಳಿಕೊಳ್ಳಲಿಲ್ಲ.

ಆಸ್ಪತ್ರೆಗೆ ಬಂದು ಹೆಂಡತಿಗೆ ಅವರು ಏನನ್ನೂ ಮುಚ್ಚಿಡದೆ ವರದಿ ಒಪ್ಪಿಸಿದರು. ಆಕೆ ನಕ್ಕು, “ಹಾಗಾದ್ರೆ ನೀವು ಕೇಳೋದು ಬೇಡ ಬಿಡಿ. ನಿಮಗೆ ಆ ಗಾಜಿನಾಚೆ ನಿಮ್ಮ ಮುಖವೇ ಕಾಣುತ್ತೆ. ನಾನೇ ಕೇಳ್ಕೋತೀನಿ. ಒಳಗೆ ಕರ್ಕೊಂಡು ಹೋಗೋ ತನಕ ನೀವು ನನ್ನ ಕೈ ಹಿಡ್ಕೊಂಡಿರಿ, ಸಾಕು” ಎಂದರು. ಮೂರನೆಯ ದಿನ ಬೆಳಗ್ಗೆ ಎಂಟಕ್ಕೆ ಆಕೆಯನ್ನು ಒಳಗೆ ಒಯ್ದರು. ಅಲ್ಲಿಯವರೆಗೆ ಮೇಷ್ಟ್ರು ಕೈ ಬಿಟ್ಟಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಐದು ಗಂಟೆ ಕುಳಿತರು. ಭಾವಮೈದನೂ ಬಂದಿದ್ದ, ಅವನು ಅಂದು ಯಾವ ಲೆಕ್ಕವನ್ನೂ ತೆಗೆಯಲಿಲ್ಲ. ಮಧ್ಯಾಹ್ನ ಡಾಕ್ಟರು ಬಂದು, ಎಲ್ಲ ಸರಿಹೋಯಿತು, ನಾಳೆ ಮಾತಾಡಿಸಬಹುದು ಎಂದರು.

ವಾರದ ಮೇಲೆ ನಾನು ಹೋದಾಗ ಆಕೆ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದರು. ಮೇಷ್ಟ್ರು ಚಮಚ ಹಿಡಿದು, ಅಷ್ಟು ದಿನದಿಂದ ಗಂಟಲಲ್ಲಿಟ್ಟುಕೊಂಡಿದ್ದನ್ನು ನನ್ನೆದುರೇ ಕೇಳಿದರು. “ಆವತ್ತು ಏನಂತ ಕೇಳ್ಕೊಂಡೆ?”

“ಅವಳು ವಾಪಸ್ ಬರ್ಲಿ ಅಂತ ಕೇಳ್ದೆ ರೀ, ಆ ಹೊಲಿಗೆಯವಳು. ಅವಳದು ಮೊದಲು ಮುಗಿಸಿ ನನ್ನದು ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವರು ಮತ್ತಿನ ಔಷಧಿ ಕೊಟ್ಟುಬಿಟ್ರು.”

ಮೇಷ್ಟ್ರು ಚಮಚವನ್ನು ಬಟ್ಟಲಿನೊಳಗೆ ಇಟ್ಟರು. ಅವರು ಎದ್ದು ಹೊರಗೆ ಹೋಗಿ, ಕಾರಿಡಾರಿನ ಕೊನೆಯವರೆಗೆ ನಡೆದು, ಗೋಡೆಗೆ ಮುಖ ಮಾಡಿ ಅತ್ತರು. ಹೊಲಿಗೆಯವಳು ಆ ವರ್ಷವೂ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಕೇಳಿದ್ದು ಕೈಗೂಡಲಿಲ್ಲ, ಕೇಳದೇ ಹೋದದ್ದು ಕೈಗೂಡಿತು. ಇದನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಭಾವಮೈದನೂ ಹೇಳಲಾರದವನಾಗಿದ್ದ, ಮೇಷ್ಟ್ರೂ ಕೇಳುವುದನ್ನು ಬಿಟ್ಟಿದ್ದರು. ಆದರೆ ನಿವೃತ್ತಿಯವರೆಗಿನ ಮೂರು ವರ್ಷ, ಪ್ರತಿ ಪರೀಕ್ಷೆ ಮುಗಿದ ಮೇಲೆ ಅವರು ಆ ಮಬ್ಬುಗೋಣೆಯಿಂದ ಈಚೆಗೆ ಬಂದು, ಬೆಂಚಿನ ಮೇಲೆ ಕುಳಿತವರ ಪಕ್ಕದಲ್ಲಿ ತಾವೂ ಕುಳಿತು, “ನಾನು ಅಲ್ಲೇ ಇದ್ದೆ. ನೀವು ಹೇಳಿದ್ದೆಲ್ಲ ಕೇಳಿಸ್ತು” ಎಂದು ಹೇಳದೆ ಮನೆಗೆ ಹೋದದ್ದಿಲ್ಲ. ಪರೀಕ್ಷಕರು ಅಭ್ಯರ್ಥಿಗಳೊಡನೆ ಮಾತಾಡಕೂಡದೆಂದು ಕಮಿಟಿ ಎರಡು ಸಲ ಪತ್ರ ಬರೆಯಿತು. ಕೆಲವರು ಮೇಷ್ಟ್ರನ್ನು ಬೈದರು, ಕೆಲವರು ಮುಖ ತಿರುಗಿಸಿದರು. ಅವರು ಅದನ್ನೂ ಕುಳಿತೇ ಕೇಳಿಸಿಕೊಂಡರು.

ಮೇಷ್ಟ್ರಂಥವರನ್ನು ಆಸ್ತಿಕರು ತಮ್ಮವರೆನ್ನುವುದಿಲ್ಲ, ನಾಸ್ತಿಕರೂ ಹತ್ತಿರ ಸೇರಿಸುವುದಿಲ್ಲ. ಬೇರೆಯವರ ಸಂಕಟದ ಮೇಲೆ ಬದುಕಿಡೀ ಒಂದಿಷ್ಟು ಅಧಿಕಾರ ನಡೆಸಿದವರು ಅವರು, ನ್ಯಾಯಾಧೀಶರಿರಬಹುದು, ವೈದ್ಯರಿರಬಹುದು, ಹೆತ್ತವರೇ ಇರಬಹುದು. ದೇವರು ಇಲ್ಲದಿದ್ದರೆ ಎಂಬ ಚಿಂತೆ ಅವರಿಗೆ ಅಷ್ಟಾಗಿ ಇರುವುದಿಲ್ಲ; ಅವನು ತಮ್ಮ ಹಾಗೆಯೇ ಇದ್ದುಬಿಟ್ಟರೆ ಎಂಬುದೇ ಅವರನ್ನು ಒಳಗೊಳಗೆ ತಿನ್ನುವ ಭಯ. ಅಂಥವರಿಗೆ ಪ್ರಾರ್ಥನೆ ಒಗ್ಗುವುದಿಲ್ಲ. ತಮಗೆ ಮೇಲಿನಿಂದ ಯಾವ ಮಾತು ಬರಲೆಂದು ಆಸೆಪಟ್ಟರೋ ಅದನ್ನು ತಮ್ಮ ಕೈಕೆಳಗೆ ನರಳಿದವರಿಗೆ, ತಡವಾಗಿಯಾದರೂ, ತಾವೇ ಹೋಗಿ ಹೇಳಿ ಬರುವುದಷ್ಟೇ ಅವರಿಗೆ ಸಾಧ್ಯವಾಗುವ ಪೂಜೆ.